ಬಕಾಸುರ ಮಾತಾಡಿದರೆ ಕೇಳುವವರು ಯಾರು?

ಪ್ರಶ್ನೆ: ನಾನು ವಿರಾಜಪೇಟೆ ಕಡೆಯವಳು. ಇಂಗ್ಲಿಷ್ ಎಂ.ಎ. ಮಾಡುವಾಗ ಜಾನ್ ಗಾರ್ಡನರ್ ಬರೆದ 'ಗ್ರೆಂಡೆಲ್' ಓದಿದೆ. ರಾಕ್ಷಸನೇ ತನ್ನ ಕಥೆ ಹೇಳಿಕೊಳ್ಳುವ ಆ ಕಾದಂಬರಿ ತಲೆಯಿಂದ ಹೋಗಲೇ ಇಲ್ಲ. ಈಗ ಬಕಾಸುರನ ಕಥೆಯನ್ನು ಅವನ ಬಾಯಿಂದಲೇ ಹೇಳಿಸುತ್ತಿದ್ದೇನೆ. ಕಥೆ ನಡೆಯುವುದು ನಮ್ಮ ಬ್ರಹ್ಮಗಿರಿ ತಪ್ಪಲಿನಂಥ ಕಾಡಿನಲ್ಲಿ. ಮೊದಲ ಎರಡು ಅಧ್ಯಾಯ ಇದರ ಜೊತೆ ಕಳಿಸಿದ್ದೇನೆ. ಓದಿದ ಗೆಳತಿಯರು "ಇವನು ಸುಮ್ನೆ ಗೋಳಾಡ್ತಾನೆ" ಅಂದರು. ಗ್ರೆಂಡೆಲ್ ಕೂಡ ಗೋಳಾಡುತ್ತಾನೆ, ಅಲ್ವಾ? ಅವನ ಒಂಟಿತನ ತಾಗುತ್ತದೆ, ನನ್ನ ಬಕನದು ಯಾಕೆ ತಾಗುವುದಿಲ್ಲ? ಮನುಷ್ಯರನ್ನು ತಿನ್ನುವವನ ಮೇಲೆ ಮರುಕ ಹುಟ್ಟಿಸುವುದು ಸರಿಯೇ? ಕೊನೆಗೆ ಸಾಯುವವನೇ ಕಥೆ ಹೇಳುತ್ತಿದ್ದರೆ ಅದನ್ನು ಮುಗಿಸುವುದು ಹೇಗೆ?

ಉತ್ತರ: ಗೋಳಾಟದಿಂದ ಏನೂ ಕೆಟ್ಟಿಲ್ಲ. ಕೆಟ್ಟಿರುವುದು ಅವನು ಕೂತಿರುವ ಜಾಗ. ನಿಮ್ಮ ಬಕ ಇರುವುದು ಹಲವು ಬೆಟ್ಟ ದಾಟಿದ ಮೇಲೆ ಸಿಗುವ ಗವಿಯಲ್ಲಿ. ಅಲ್ಲಿಗೆ ಊರಿನ ಯಾವ ಸದ್ದೂ ಬರುವುದಿಲ್ಲ. ಅಲ್ಲಿ ಕೂತು ಅವನು ಪುಟಗಟ್ಟಲೆ "ನನಗೆ ಯಾರೂ ಇಲ್ಲ" ಅನ್ನುತ್ತಾನೆ. ಯಾರೂ ಇಲ್ಲದ ಕಡೆ ಇರುವವನಿಗೆ ಒಂಟಿತನ ರೂಢಿಯಾಗಿ ಹೋಗಿರುತ್ತದೆ. ಅದು ಸುಡಬೇಕಾದರೆ ಊರಿನ ದನಿ ದಿನಾ ಕಿವಿಗೆ ಬೀಳಬೇಕು, ಆ ದನಿಗಳಲ್ಲಿ ಒಂದಾದರೂ ತನ್ನ ಕಡೆ ತಿರುಗಬಾರದು. ಗ್ರೆಂಡೆಲ್ ಬದುಕಿದ್ದೇ ಹಾಗೆ. ನಿಮ್ಮ ಬಕನನ್ನೂ ಊರ ಹತ್ತಿರಕ್ಕೆ ತನ್ನಿ. ನಾನು ಹೇಳಬೇಕೆಂದಿರುವುದೆಲ್ಲ ಇದಕ್ಕೇ ಸೇರಿದ್ದು.

ಗ್ರೆಂಡೆಲ್ ಯಾರೆಂದು ಬೇರೆ ಓದುಗರಿಗೂ ಗೊತ್ತಾಗಲಿ ಎಂದು ಸ್ವಲ್ಪ ಹೇಳುತ್ತೇನೆ. 'ಬಿಯೊವುಲ್ಫ್' ಹಳೆಯ ಇಂಗ್ಲಿಷಿನ ವೀರಕಾವ್ಯ, 3182 ಸಾಲಿನದು. ನಮಗೆ ಉಳಿದಿರುವುದು ಅದರ ಒಂದೇ ಒಂದು ಕೈಬರಹದ ಪ್ರತಿ. ಸುಮಾರು ಸಾವಿರ ವರ್ಷ ಹಳೆಯದು. 1731ರಲ್ಲಿ ಬೆಂಕಿಗೆ ಸಿಕ್ಕಿ ಅದರ ಅಂಚುಗಳು ಸುಟ್ಟವು. ಕಥೆ ನಡೆಯುವುದು ಡೆನ್ಮಾರ್ಕಿನಲ್ಲಿ. ರಾಜ ಹ್ರಾತ್‌ಗಾರ್ ದೊಡ್ಡದೊಂದು ಸಭಾಮನೆ ಕಟ್ಟಿಸುತ್ತಾನೆ. ಅಲ್ಲಿ ರಾತ್ರಿಯೆಲ್ಲ ಕುಡಿತ, ಊಟ, ಹಾಡು. ಜೌಗಿನಲ್ಲಿರುವ ಗ್ರೆಂಡೆಲ್ 12 ವರ್ಷ ಆ ಮನೆಗೆ ನುಗ್ಗಿ ಜನರನ್ನು ಕೊಂದು ತಿನ್ನುತ್ತಾನೆ. ಕೊನೆಗೆ ಸಮುದ್ರದಾಚೆಯಿಂದ ಬಂದ ಬಿಯೊವುಲ್ಫ್ ಬರಿಗೈಯಲ್ಲಿ ಹೋರಾಡಿ ಅವನ ತೋಳನ್ನು ಕಿತ್ತು ಹಾಕುತ್ತಾನೆ.

ಆ ಹಳೆಯ ಕಾವ್ಯದಲ್ಲಿ ಗ್ರೆಂಡೆಲ್ ಒಂದು ಮಾತೂ ಆಡುವುದಿಲ್ಲ. ಬರೀ ಕೂಗುತ್ತಾನೆ. ಆದರೆ ಕವಿ ಅವನಿಗೆ ಕಿವಿ ಕೊಟ್ಟಿದ್ದಾನೆ. ಅವನು ಮೊದಲು ಕಾಣಿಸಿಕೊಳ್ಳುವ ಜಾಗದಲ್ಲೇ, ಕತ್ತಲಲ್ಲಿ ಕೂತು ದಿನಾ ಆ ಮನೆಯ ಸಡಗರವನ್ನು ಕೇಳಿಸಿಕೊಂಡು ಸಂಕಟ ಪಡುತ್ತಿದ್ದ ಅನ್ನುತ್ತಾನೆ. ಒಳಗೆ ಹಾಡುಗಾರ ತಂತಿ ಮೀಟುತ್ತಾ ಹಾಡುತ್ತಿರುವುದು ಭೂಮಿ, ಸೂರ್ಯ, ಚಂದ್ರ, ಗಿಡಮರ ಎಲ್ಲ ಹುಟ್ಟಿದ ಕಥೆ. ಎಲ್ಲರೂ ಇರುವ ಹಾಡು ಅದು. ಹೊರಗೆ ಕೂತವನಿಗೆ ಅದರಲ್ಲಿ ಜಾಗ ಇಲ್ಲ. ಅಣ್ಣತಮ್ಮಂದಿರಲ್ಲಿ ತಮ್ಮನನ್ನು ಕೊಂದು ಶಾಪಕ್ಕೆ ಗುರಿಯಾದ ಬೈಬಲಿನ ಕಾಯಿನನ ವಂಶದವನು ಇವನು ಎಂದು ಕವಿ ಹೇಳಿ ಮುಂದೆ ಹೋಗುತ್ತಾನೆ.

1971ರಲ್ಲಿ ಗಾರ್ಡನರ್ ಹಿಡಿದದ್ದು ಈ ಕೆಲವೇ ಸಾಲುಗಳನ್ನು. ಅವರು ಮಧ್ಯಯುಗದ ಸಾಹಿತ್ಯವನ್ನು ಕಲಿಸುತ್ತಿದ್ದ ಮೇಷ್ಟ್ರು. ಕಾವ್ಯ ಅವರಿಗೆ ಒಳಗಿನಿಂದ ಗೊತ್ತಿತ್ತು. ಮಾತಿಲ್ಲದವನಿಗೆ 12 ಅಧ್ಯಾಯದಷ್ಟು ಮಾತು ಕೊಟ್ಟರು. ಆ ಮಾತನ್ನು ಕೇಳುವವರನ್ನು ಮಾತ್ರ ಕೊಡಲಿಲ್ಲ.

ಮರದ ಸಂದಿಗೆ ಕಾಲು ಸಿಕ್ಕಿಕೊಳ್ಳುವ ಭಾಗವನ್ನು ಇನ್ನೊಮ್ಮೆ ಓದಿ. ಗ್ರೆಂಡೆಲ್ ಇನ್ನೂ ಚಿಕ್ಕವನು. ಅಮ್ಮನನ್ನು ಕೂಗುತ್ತಾನೆ, ಅಮ್ಮ ಬರುವುದಿಲ್ಲ. ಗೂಳಿಯೊಂದು ಬಂದು ಹಾಯುತ್ತದೆ. ಅದಕ್ಕೆ ಅವನ ಮೇಲೆ ಸಿಟ್ಟೂ ಇಲ್ಲ, ಅವನು ಯಾರೆಂಬ ಯೋಚನೆಯೂ ಇಲ್ಲ, ಸುಮ್ನೆ ಹಾಯುತ್ತದೆ. ಆಮೇಲೆ ಮನುಷ್ಯರು ಬರುತ್ತಾರೆ. ಮರದಲ್ಲಿ ಇರುವುದು ಏನು, ಯಾವುದೋ ಮರದ ದೆವ್ವವೇ, ಅದಕ್ಕೆ ತಿನ್ನಲು ಏನು ಹಾಕಬೇಕು ಎಂದು ಚರ್ಚೆ ಮಾಡುತ್ತಾರೆ. ಅವರ ಮಾತು ಅವನಿಗೆ ತಿಳಿಯುತ್ತದೆ. ಅವನು ಬಾಯಿ ತೆರೆದರೆ ಅವರು ಹೆದರಿ ಆಯುಧ ಎತ್ತುತ್ತಾರೆ. ತನ್ನ ಬಗ್ಗೆ ತನ್ನೆದುರಿಗೇ ಮಾತು ನಡೆಯುತ್ತಿದೆ, ತನ್ನ ಜೊತೆ ಯಾರೂ ಮಾತಾಡುತ್ತಿಲ್ಲ. ಕಾಪಾಡಲು ಬಂದ ಅಮ್ಮನಿಗೋ ಮಾತೇ ಬರುವುದಿಲ್ಲ. ಅಪ್ಪಿಕೊಳ್ಳುತ್ತಾಳೆ, ಅಷ್ಟೇ. ಈ ಇಡೀ ಭಾಗದಲ್ಲಿ ಅವನ ಸುತ್ತ ಯಾರಾದರೊಬ್ಬರು ಇದ್ದೇ ಇರುತ್ತಾರೆ, ಗಮನಿಸಿ. ಒಂಟಿತನ ಗುಂಪಿನ ನಡುವೆಯೇ ಹುಟ್ಟುತ್ತದೆ.

ಇನ್ನೂ ಮುಖ್ಯವಾದದ್ದು ಹಾಡುಗಾರ ಬರುವ ಭಾಗ. ಹ್ರಾತ್‌ಗಾರನ ಜನ ಮಾಡಿದ ಕೊಲೆ, ಸುಲಿಗೆಗಳನ್ನೆಲ್ಲ ಗ್ರೆಂಡೆಲ್ ಕಣ್ಣಾರೆ ನೋಡಿದ್ದಾನೆ. ಕುರುಡ ಹಾಡುಗಾರ ಬಂದು ಅದನ್ನೇ ಪರಾಕ್ರಮ ಎಂದು ಹಾಡುತ್ತಾನೆ. ಸುಳ್ಳು ಎಂದು ಗ್ರೆಂಡೆಲ್‌ಗೆ ಗೊತ್ತು, ಆದರೂ ಅಳುತ್ತಾನೆ. ಇಬ್ಬರು ಅಣ್ಣತಮ್ಮಂದಿರ ಕಥೆ ಹಾಡಿದಾಗ ಶಾಪಗ್ರಸ್ತನ ಕಡೆಯವನು ತಾನೇ ಎಂದು ತಿಳಿದರೂ ಆ ಹಾಡು ನಿಜವಾಗಲಿ ಎಂದು ಬಯಸುತ್ತಾನೆ. ಕೆಟ್ಟವನಾಗಿಯಾದರೂ ಸರಿ, ಹಾಡಿನೊಳಗೆ ಒಂದು ಜಾಗ ಸಿಕ್ಕರೆ ಸಾಕು. ಕಾಡಲ್ಲಿ ಸಿಕ್ಕಿದ ಹೆಣವೊಂದನ್ನು ಹೊತ್ತುಕೊಂಡೇ ಸಭಾಮನೆಯ ಬೆಳಕಿಗೆ ಬರುತ್ತಾನೆ, ಕರುಣೆ ಬೇಡುತ್ತಾನೆ. ಜನ ಕತ್ತಿ ಕೊಡಲಿ ಹಿಡಿದು ಮೈಮೇಲೆ ಬೀಳುತ್ತಾರೆ. ಹೆಣ ಹೊತ್ತು ಬಂದವನನ್ನು ಬೇರೆ ಹೇಗೆ ನೋಡಿಯಾರು? ಇಲ್ಲಿ ಗಾರ್ಡನರ್ ಯಾರನ್ನೂ ದೂರುವುದಿಲ್ಲ. ಆ ಜನ ಹೆದರಿದ್ದರಲ್ಲಿ ತಪ್ಪಿಲ್ಲ, ಇವನು ಅತ್ತದ್ದರಲ್ಲೂ ತಪ್ಪಿಲ್ಲ. ನಿಮ್ಮ ಎರಡನೇ ಅಧ್ಯಾಯದಲ್ಲಿ ಊರಿನವರೆಲ್ಲ ಕ್ರೂರಿಗಳು, ಬಕ ಪಾಪದವನು. ಅಷ್ಟು ಸಲೀಸಾಗಿ ಪಕ್ಷ ಕಟ್ಟಿದ ಕೂಡಲೇ ಮರುಕ ಆರಿಹೋಗುತ್ತದೆ.

ಆಮೇಲೆ ಗ್ರೆಂಡೆಲ್ ಒಂದು ಡ್ರ್ಯಾಗನ್ ಬಳಿ ಹೋಗುತ್ತಾನೆ. ಅದು ಕೊಡುವ ವರದ ಬಗ್ಗೆ ಒಂದು ಮಾತು. ಇನ್ನು ಮುಂದೆ ಯಾವ ಆಯುಧವೂ ಗ್ರೆಂಡೆಲ್‌ನ ಮೈಗೆ ತಾಗುವುದಿಲ್ಲ. ಓದುವಾಗ ಬಲ ಬಂತು ಅನ್ನಿಸುತ್ತದೆ. ಆದರೆ ಅವನಿಗೂ ಮನುಷ್ಯರಿಗೂ ಉಳಿದಿದ್ದ ನಂಟು ಜಗಳ ಒಂದೇ, ಈಗ ಅದೂ ಹೋಯಿತು. ಅವರು ಹೊಡೆದರೆ ನೋವಾಗುವುದಿಲ್ಲ. ಹೊಡೆಸಿಕೊಳ್ಳುವುದಕ್ಕೂ ಆಗದವನನ್ನು ಯಾರು ತಾನೇ ಮುಟ್ಟಬಲ್ಲರು?

ಆಮೇಲೆ ಅನ್‌ಫರ್ತ್ ಎಂಬ ವೀರ ಬರುತ್ತಾನೆ. ಗ್ರೆಂಡೆಲ್ ಮಾತಾಡುತ್ತಾನೆ ಎಂದು ಅವನಿಗೆ ಗೊತ್ತಾಗುತ್ತದೆ. ಕೊನೆಗೂ ಒಬ್ಬನಿಗೆ ಮಾತು ಮುಟ್ಟಿತು. ಆ ಮಾತಿನಿಂದ ಗ್ರೆಂಡೆಲ್ ಮಾಡುವುದೇನು? ಗೇಲಿ. ಅವನ ಮೇಲೆ ಸೇಬು ಎಸೆದು ಎಲ್ಲರ ಮುಂದೆ ಮಾನ ಕಳೆಯುತ್ತಾನೆ. ಗವಿವರೆಗೆ ಬಂದು ವೀರಮರಣ ಕೊಡು ಎಂದು ಕೇಳಿದವನನ್ನು ಕೊಲ್ಲದೆ ಎತ್ತಿಕೊಂಡು ಹೋಗಿ ಊರಿಗೆ ಬಿಟ್ಟು ಬರುತ್ತಾನೆ. ಬಾಗಿಲು ತೆರೆದಾಗ ಅವನೇ ಅದನ್ನು ಹಾಕಿಕೊಂಡ. ಇದನ್ನು ಓದಿದ ಮೇಲೂ ಅವನ ಮೇಲೆ ಕನಿಕರ ಉಳಿಯುತ್ತದಲ್ಲ, ಅದು ಗಟ್ಟಿ ಕನಿಕರ. ತನ್ನ ಒಂಟಿತನದಲ್ಲಿ ತನ್ನ ಪಾಲೂ ಇರುವ ನಿರೂಪಕ ಬೇಕು. ಅದನ್ನು ಅವನು ಒಪ್ಪಿಕೊಳ್ಳಬೇಕಿಲ್ಲ, ಓದುವವರಿಗೆ ಕಂಡರೆ ಸಾಕು.

ಈಗ ನಿಮ್ಮ ಬಕನ ವಿಷಯಕ್ಕೆ ಬರೋಣ. ಮಹಾಭಾರತ ನಿಮಗೆ ಕೊಟ್ಟಿರುವ ಸಾಮಗ್ರಿ ಕಡಿಮೆಯೇನಲ್ಲ. ನೀವು ಅದರ ಮುಕ್ಕಾಲು ಭಾಗವನ್ನು ಬಿಟ್ಟಿದ್ದೀರಿ.

ಮೊದಲನೆಯದಾಗಿ, ಬಕನಿಗೆ ಊರಿನ ಜೊತೆ ಒಂದು ಕರಾರಿದೆ. ಹಳೆಯ ಕಾವ್ಯದ ಗ್ರೆಂಡೆಲ್ ಕಪ್ಪ ತೆಗೆದುಕೊಂಡು ರಾಜಿಯಾಗಲು ಒಪ್ಪುವವನೇ ಅಲ್ಲ. ಬಕ ಒಪ್ಪಿದ್ದಾನೆ. ಸರದಿ ಬಂದ ಮನೆಯಿಂದ ಒಂದು ಬಂಡಿ ಅನ್ನ, ಎರಡು ಕೋಣ, ಅದನ್ನು ತಂದ ಒಬ್ಬ ಮನುಷ್ಯ. ಅದಕ್ಕೆ ಬದಲಾಗಿ ಅವನು ಏಕಚಕ್ರ ಎಂಬ ಆ ಊರನ್ನು ಹೊರಗಿನ ಶತ್ರುಗಳಿಂದ ಕಾಯುತ್ತಾನೆ. ಪಾಂಡವರು ವೇಷ ಮರೆಸಿಕೊಂಡು ಉಳಿದಿದ್ದ ಮನೆಯ ಬ್ರಾಹ್ಮಣ ಕುಂತಿಗೆ ಇದನ್ನೆಲ್ಲ ಬಿಡಿಸಿ ಹೇಳುತ್ತಾನೆ. ಆ ನಾಡಿನ ರಾಜ ಕೈಲಾಗದವನು ಎಂದೂ ಹೇಳುತ್ತಾನೆ. ಅಂದರೆ ಬಕ ಆ ಊರಿನ ಕಾವಲುಗಾರ. ಊರು ಅವನಿಗೆ ಸಂಬಳ ಕೊಡುತ್ತದೆ, ಮುಖ ಕೊಡುವುದಿಲ್ಲ. ಬಂಡಿ ತಂದವರು ಒಬ್ಬರೂ ವಾಪಸ್ ಹೋಗಿಲ್ಲ. ಹಾಗಾಗಿ ಅವನನ್ನು ಹತ್ತಿರದಿಂದ ನೋಡಿದವರು ಊರಲ್ಲಿ ಯಾರೂ ಇಲ್ಲ. ಇದನ್ನು ಅವನ ಬಾಯಲ್ಲಿ ಹೇಳಿಸಿ ನೋಡಿ. "ನನಗೆ ಯಾರೂ ಇಲ್ಲ" ಎಂಬ ಸಾಲು ಆಮೇಲೆ ಬೇಕಾಗುವುದೇ ಇಲ್ಲ.

ಎರಡನೆಯದು ಆ ಬ್ರಾಹ್ಮಣನ ಮನೆಯ ಅಳು. ಇಡೀ ಆದಿಪರ್ವದಲ್ಲಿ ಮನೆಮಂದಿಯ ಪ್ರೀತಿಯನ್ನು ಇಷ್ಟು ಹತ್ತಿರದಿಂದ ತೋರಿಸುವ ಜಾಗ ಇನ್ನೊಂದು ನನಗೆ ನೆನಪಾಗುವುದಿಲ್ಲ. ಗಂಡ ನಾನು ಹೋಗುತ್ತೇನೆ ಅನ್ನುತ್ತಾನೆ. ಹೆಂಡತಿ ನಾನು ಅನ್ನುತ್ತಾಳೆ. ಮಗಳು ನಾನು ಅನ್ನುತ್ತಾಳೆ. ತೊದಲು ಮಾತಿನ ಮಗ ಒಂದು ಹುಲ್ಲುಕಡ್ಡಿ ಹಿಡಿದು, ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಅನ್ನುತ್ತಾನೆ. ಅಳುತ್ತಿದ್ದವರೂ ಆ ಮಾತಿಗೆ ಒಂದು ಗಳಿಗೆ ನಗುತ್ತಾರೆ. ಪಕ್ಕದಲ್ಲಿದ್ದ ಕುಂತಿ ಇದನ್ನೆಲ್ಲ ಕೇಳಿಸಿಕೊಳ್ಳುತ್ತಾಳೆ. ಬಕನೂ ಕೇಳಿಸಿಕೊಂಡರೆ? ಬಂಡಿ ಬರುವ ಹಿಂದಿನ ರಾತ್ರಿ ಸರದಿ ಬಂದ ಮನೆಯ ಹಿತ್ತಲಾಚೆ ಬಂದು ನಿಲ್ಲುವುದು ಅವನಿಗೆ ರೂಢಿ ಎಂದಿಟ್ಟುಕೊಳ್ಳಿ. ಒಬ್ಬರಿಗಾಗಿ ಒಬ್ಬರು ಸಾಯಲು ಸಿದ್ಧರಾಗುವ ಆ ಮಾತುಗಳು ಹುಟ್ಟಿದ್ದೇ ಅವನ ಹಸಿವಿನಿಂದ. ಅವನಿಲ್ಲದಿದ್ದರೆ ಆ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾರನೇ ದಿನ ಅವರಲ್ಲೊಬ್ಬರನ್ನು ಅವನು ತಿನ್ನುತ್ತಾನೆ. ನಾನು ಬರೆಯುತ್ತಿದ್ದರೆ ಕಾದಂಬರಿಯನ್ನು ಇಲ್ಲಿಂದಲೇ ಶುರು ಮಾಡುತ್ತಿದ್ದೆ.

ಮೂರನೆಯದು ಭೀಮನ ಬೆನ್ನು. ಇದು ಮೂಲದಲ್ಲೇ ಇದೆ, ನಿಮ್ಮ ಟಿಪ್ಪಣಿಯಲ್ಲಿ ಕಾಣಲಿಲ್ಲ. ಭೀಮ ಬಂಡಿ ಹೊಡೆದುಕೊಂಡು ಕಾಡಿಗೆ ಬರುತ್ತಾನೆ. ಬಕನ ಪಾಲಿನ ಅನ್ನವನ್ನು ತಾನೇ ಉಣ್ಣುತ್ತಾ ಬಕನನ್ನು ಹೆಸರು ಹಿಡಿದು ಕರೆಯುತ್ತಾನೆ. ಬಕ ಸಿಟ್ಟಿನಿಂದ ಓಡಿ ಬರುತ್ತಾನೆ. ಭೀಮ ನಗುತ್ತಾನೆ, ಮುಖ ಆ ಕಡೆ ಮಾಡಿಕೊಂಡು ಊಟ ಮುಂದುವರಿಸುತ್ತಾನೆ. ಬಕ ಎರಡೂ ಕೈಯಿಂದ ಬೆನ್ನಿಗೆ ಗುದ್ದುತ್ತಾನೆ. ಆಗಲೂ ಭೀಮ ತಿರುಗಿ ನೋಡುವುದಿಲ್ಲ. ಯಕ್ಷಗಾನದಲ್ಲೋ ಹರಿಕಥೆಯಲ್ಲೋ ಈ ಭಾಗಕ್ಕೆ ಎಲ್ಲರೂ ನಗುತ್ತಾರೆ, ನಗು ಬರುವಂಥದ್ದೇ. ಬಕನ ಕಡೆಯಿಂದ ನೋಡಿ. ಬಂಡಿ ತಂದವರಲ್ಲಿ ಒಬ್ಬನೂ ಅವನ ಹೆಸರು ಕೂಗಿರಲಿಲ್ಲ. ಇವತ್ತು ಒಬ್ಬ ಕೂಗಿದ. ಓಡಿ ಬಂದರೆ ಕಂಡದ್ದು ಬೆನ್ನು. ಗಾರ್ಡನರ್ ಕಾದಂಬರಿಯ ಕೊನೆಯಲ್ಲಿ ಹೊರಗಿನಿಂದ ಬಂದ ಆ ವೀರ (ಅವನ ಹೆಸರನ್ನು ಗ್ರೆಂಡೆಲ್ ಒಮ್ಮೆಯೂ ಹೇಳುವುದಿಲ್ಲ) ಗ್ರೆಂಡೆಲ್‌ನ ಕಿವಿಯಲ್ಲಿ ಪಿಸುಗುಡುತ್ತಾ, ಅವನ ತಲೆಯನ್ನು ಗೋಡೆಗೆ ಅಪ್ಪಳಿಸುತ್ತಾ, ಗೋಡೆಯ ಬಗ್ಗೆ ಹಾಡು ಎಂದು ಬಲವಂತ ಮಾಡುತ್ತಾನೆ. ಅವನಿಗೆ ಕೊನೆಗಾದರೂ ಕಿವಿಯ ಹತ್ತಿರ ಒಂದು ಬಾಯಿ ಸಿಕ್ಕಿತು. ಬಕನಿಗೆ ಅದೂ ಇಲ್ಲ. ನಮ್ಮ ಕಥೆ ಇಲ್ಲಿ ಆ ಕಥೆಗಿಂತ ಕಠಿಣ, ಮತ್ತು ಇದನ್ನು ನೀವು ಹೊಸದಾಗಿ ಹುಟ್ಟಿಸಬೇಕಾಗಿಲ್ಲ.

ಒಂದು ತೊಡಕೂ ಇದೆ. ಗ್ರೆಂಡೆಲ್‌ಗೆ ಅಮ್ಮನ ಹೊರತು ಯಾರಿಲ್ಲ. ನಮ್ಮ ರಾಕ್ಷಸರಿಗೆ ಬಂಧುಬಳಗ ಜಾಸ್ತಿ. ಹಿಡಿಂಬನಿಗೆ ತಂಗಿ, ರಾವಣನಿಗೆ ಒಂದು ಲಂಕೆ. ಬಕನ ಗದ್ದಲ ಕೇಳಿ ಅವನ ಮನೆಯವರು ಹೊರಗೆ ಬರುತ್ತಾರೆ ಎಂದು ಮಹಾಭಾರತವೇ ಹೇಳುತ್ತದೆ. ನೀವು ಅವರನ್ನೆಲ್ಲ ಅಳಿಸಿ ಹಾಕಿ ಬಕನನ್ನು ಗ್ರೆಂಡೆಲ್ ಮಾಡಲು ಹೊರಟಿದ್ದೀರಿ. ಬೇಡ. ಅವರು ಇರಲಿ. ಬೇಟೆ, ಊಟ, ನಿದ್ದೆ ಬಿಟ್ಟು ಬೇರೆ ಮಾತು ಆ ಮನೆಯಲ್ಲಿ ಇಲ್ಲದಿದ್ದರೆ ಸಾಕು. ಊರಿನ ಹಾಡು ಕೇಳಿ ಬಂದವನು ಅದನ್ನು ಮನೆಯಲ್ಲಿ ಯಾರಿಗೆ ಹೇಳಬೇಕು?

ಹಾಡು ಎಂದಾಗ ಕೊಡಗಿಗೆ ಬರಲೇಬೇಕು. ನೀವು ಕಾಡು, ಮಂಜು, ಮಳೆ, ಜಿಗಣೆ ಎಲ್ಲ ತಂದಿದ್ದೀರಿ. ಕಣ್ಣಿಗೆ ಕಾಣುವ ಕೊಡಗು ಚೆನ್ನಾಗಿ ಬಂದಿದೆ, ಕಿವಿಗೆ ಕೇಳುವ ಕೊಡಗು ಬಂದಿಲ್ಲ. ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿದು ಕುಳಿತು ಹಾಡುವ ಹಾಡು ನಿಮ್ಮ ಮನೆಯ ಮದುವೆಯಲ್ಲೇ ಕೇಳಿರುತ್ತೀರಿ. ಇಬ್ಬರು ಒಂದು ಸಾಲು ಎತ್ತುತ್ತಾರೆ, ಇನ್ನಿಬ್ಬರು ಅದನ್ನು ಹಿಡಿದು ಹೇಳುತ್ತಾರೆ. ದೇವರು, ನಾಡು, ಒಕ್ಕ (ಕೊಡವರ ಮನೆತನ), ಹಿರಿಯರು ಒಬ್ಬೊಬ್ಬರಾಗಿ ಹಾಡಿನೊಳಗೆ ಬರುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನು ಕೂಡಿಸಿ 1924ರಲ್ಲಿ 'ಪಟ್ಟೋಲೆ ಪಳಮೆ' ಪ್ರಕಟಿಸದಿದ್ದರೆ ಎಷ್ಟೋ ಹೆಸರುಗಳು ಇವತ್ತು ಉಳಿಯುತ್ತಿರಲಿಲ್ಲ. ಹೆಸರು ಹಾಡಿನಲ್ಲಿದ್ದರೆ ಆ ಮನುಷ್ಯ ಇದ್ದ ಎಂದು ಲೆಕ್ಕ. ಹ್ರಾತ್‌ಗಾರನ ಸಭೆಯಲ್ಲಿ ತಂತಿವಾದ್ಯ ಮಾಡುವ ಕೆಲಸವನ್ನು ನಿಮ್ಮ ಕಥೆಯಲ್ಲಿ ದುಡಿ ಮಾಡಬಲ್ಲದು. ಸುಗ್ಗಿಯ ಹಬ್ಬವಾದ ಹುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವಾಗ ಏಳುವ "ಪೊಲಿ ಪೊಲಿ ದೇವಾ" ಕೂಗು ಬೆಟ್ಟದ ಮೇಲಿರುವವನಿಗೂ ಕೇಳಿಸುತ್ತದೆ. ಬೆಳೆ ಹೆಚ್ಚಲಿ, ಮನೆ ತುಂಬಲಿ ಎಂಬ ಆ ಬೇಡಿಕೆಯಲ್ಲಿ ಬಕನೂ ಸೇರಿದ್ದಾನೆಯೇ? ತುಂಬಿದ ಕಣಜದಿಂದಲೇ ಅವನ ಬಂಡಿಗೂ ಅನ್ನ ಬರಬೇಕಲ್ಲ! ಅವನು ಹಾಗೆ ಯೋಚಿಸಲಿ, ಆಸೆ ಪಡಲಿ. ಕೋವಿ ಹೊಡೆಯುವುದನ್ನು ಮಾತ್ರ ಬಿಡಿ, ಕಥೆಯ ಕಾಲಕ್ಕೆ ಹೊಂದುವುದಿಲ್ಲ.

ಬಕ ಎಷ್ಟು ಹತ್ತಿರ ಇರಬೇಕು ಎಂದು ಅಳೆಯಲು ಕಾಫಿ ತೋಟಕ್ಕೆ ಇಳಿಯುವ ಒಂಟಿ ಸಲಗವನ್ನು ನೆನೆಸಿಕೊಳ್ಳಿ. ಯಾವ ಮನೆಯ ಹಿಂದೆ ಹಲಸು ಹಣ್ಣಾಗಿದೆ ಎಂದು ಅದಕ್ಕೆ ಗೊತ್ತು. ಅದು ನಿನ್ನೆ ಯಾವ ಬೇಲಿ ದಾಟಿತು ಎಂದು ಊರಿಗೆಲ್ಲ ಗೊತ್ತು. ಸಂಜೆಯಾದರೆ ಎಲ್ಲರ ಬಾಯಲ್ಲೂ ಅದರದೇ ಮಾತು. ಅಷ್ಟು ಹತ್ತಿರ.

ಇನ್ನೊಂದು ವಿಷಯವನ್ನು ನೇರವಾಗಿ ಹೇಳುತ್ತೇನೆ. ನಿಮ್ಮ ಎರಡನೇ ಅಧ್ಯಾಯದಲ್ಲಿ ಬಕನ ಕಡೆಯವರು ಜೇನು ಕೀಳುತ್ತಾರೆ, ಗೆಡ್ಡೆ ಅಗೆಯುತ್ತಾರೆ, ಹಾಡಿಯಲ್ಲಿ, ಅಂದರೆ ಕಾಡಿನ ಜನರ ಕೇರಿಯಲ್ಲಿ, ಇರುತ್ತಾರೆ. ರಾಕ್ಷಸರೆಂದರೆ ಕಾಡಿನ ಜನ, ಊರಿನವರು ಅವರಿಗೆ ಆ ಹೆಸರಿಟ್ಟರು ಎಂಬ ವಿಚಾರ ನಿಮ್ಮ ಮನಸ್ಸಿನಲ್ಲಿದೆ. ಒಳ್ಳೆಯ ಉದ್ದೇಶದಿಂದಲೇ ಬರೆದಿದ್ದೀರಿ. ಆದರೆ ಕೊಡಗಿನಲ್ಲಿ ಹಾಡಿ ಎಂದ ಕೂಡಲೇ ಓದುವವರಿಗೆ ಜೇನುಕುರುಬರು, ಬೆಟ್ಟಕುರುಬರು, ಯರವರು ಕಣ್ಣಮುಂದೆ ಬರುತ್ತಾರೆ. ನಿಮ್ಮ ಬಕ ಮನುಷ್ಯರನ್ನು ತಿನ್ನುತ್ತಾನೆ. ಇವತ್ತು ಬದುಕಿರುವ, ಈಗಾಗಲೇ ಸಾಕಷ್ಟು ಮಾತು ಕೇಳಿರುವ ಜನರ ಮೇಲೆ ಆ ಚಿತ್ರ ಹೋಗಿ ಕೂರುತ್ತದೆ. ಬಕನನ್ನು ರಾಕ್ಷಸನಾಗಿಯೇ ಬಿಡಿ, ಯಾವ ಜನಕ್ಕೂ ಸೇರದವನಾಗಿ. ಕಥೆಗೂ ಅದೇ ಒಳ್ಳೆಯದು. ಹಾಡಿಯ ಜನರನ್ನು ತರುವುದಾದರೆ ಅವರು ಅವರಾಗಿಯೇ ಬರಲಿ. ಅವರ ಹಾಡೂ ಬಕನ ಕಿವಿಗೆ ಬೀಳಲಿ, ಅಲ್ಲೂ ಅವನಿಗೆ ಜಾಗ ಸಿಗದಿರಲಿ.

ಮರುಕ ಸರಿಯೇ ಎಂದು ಕೇಳಿದ್ದೀರಿ. ಸರಿ ಅನ್ನುತ್ತೇನೆ, ಅವನು ತಿನ್ನುವುದನ್ನು ಮರೆಮಾಡದಿದ್ದರೆ. ಕನ್ನಡಕ್ಕೆ ಇದು ಹೊಸದೂ ಅಲ್ಲ. ರನ್ನನ 'ಗದಾಯುದ್ಧ' ನೋಡಿ. ಅವನಿಗೆ ಆಸರೆ ಕೊಟ್ಟದ್ದು ಚಾಳುಕ್ಯ ಸತ್ಯಾಶ್ರಯ. ಕಾವ್ಯದಲ್ಲಿ ಆ ರಾಜನೇ ಭೀಮ. ಹಾಡಬೇಕಾದದ್ದು ಭೀಮನ ಗೆಲುವು. ಆದರೂ ಕುರುಕ್ಷೇತ್ರದ ಹೆಣಗಳ ನಡುವೆ ನಡೆಯುತ್ತಾ ದ್ರೋಣ, ದುಶ್ಶಾಸನ, ಕರ್ಣರ ಮುಂದೆ ನಿಂತು ಗೋಳಿಡುವ ದುರ್ಯೋಧನನಿಗೆ ರನ್ನ ಕೊಟ್ಟ ಪದ್ಯಗಳೇ ನಮ್ಮ ನೆನಪಿನಲ್ಲಿ ಉಳಿದಿವೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ಅವನು ನಿಲ್ಲುತ್ತಾನೆ, ಆ ಹುಡುಗನ ಶೌರ್ಯವನ್ನು ಹೊಗಳುತ್ತಾನೆ. ರನ್ನ ಎಲ್ಲೂ ದುರ್ಯೋಧನನನ್ನು ಒಳ್ಳೆಯವನು ಎಂದು ಸಾಧಿಸಲು ಹೋಗಲಿಲ್ಲ. ಛಲವನ್ನು ಛಲವಾಗಿಯೇ ಬಿಟ್ಟ. ಗೋಳಾಟ ಎಷ್ಟು ಉದ್ದವಿದ್ದರೂ ಬೇಸರ ಬರದಿರುವುದಕ್ಕೆ ಕಾರಣವೂ ಅಲ್ಲೇ ಇದೆ. ಪ್ರತಿ ಅಳುವಿನ ಎದುರು ಒಂದು ಮುಖ ಇದೆ, ಆ ಮುಖದ ಜೊತೆ ಒಂದು ಹಳೆಯ ಲೆಕ್ಕ ಇದೆ. ನಿಮ್ಮ ಬಕ ಗಾಳಿಗೆ ಅಳುತ್ತಾನೆ. ಅವನೂ ಒಬ್ಬೊಬ್ಬರ ಮುಂದೆ ಅಳಲಿ: ಬಂಡಿ ತಂದ ಮುದುಕ, ಹೆದರದೆ ನಿಂತ ಹುಡುಗಿ, ಕಟ್ಟು ಬಿಚ್ಚಿದರೂ ಓಡಿಹೋಗದ ಕೋಣ.

ಕೊನೆಯ ಪ್ರಶ್ನೆ, ಸಾವು. ಗ್ರೆಂಡೆಲ್ ಕೊನೆ ಉಸಿರಿನವರೆಗೆ ತಾನೇ ಹೇಳುತ್ತಾನೆ. ತೋಳು ಕಳೆದುಕೊಂಡು ಕಾಡಿಗೆ ಬಂದಾಗ ಅವನ ಸುತ್ತ ಪ್ರಾಣಿಗಳು ಬಂದು ನಿಂತು ನೋಡುತ್ತವೆ, ಅವುಗಳಿಗೆ ಒಂದು ಮಾತು ಹೇಳಿ ಮುಗಿಸುತ್ತಾನೆ. ನೀವು ಅದನ್ನೇ ಮಾಡಿದರೆ ನಕಲು ಅನ್ನುತ್ತಾರೆ. ನಿಮಗೆ ಇನ್ನೊಂದು ದಾರಿ ಇದೆ. ಭೀಮ ಮಂಡಿಯೂರಿ ಬಕನ ಬೆನ್ನು ಮುರಿಯುವಲ್ಲಿಗೆ ಬಕನ ಮಾತು ನಿಲ್ಲಲಿ, ವಾಕ್ಯ ಅರ್ಧಕ್ಕೇ ನಿಂತರೂ ಪರವಾಗಿಲ್ಲ. ಆಮೇಲೆ ನಡೆಯುವುದೆಲ್ಲ ಅವನಿಗೆ ಗೊತ್ತಿಲ್ಲದ್ದು. ಹೆದರಿ ಬಂದ ಮನೆಯವರಿಗೆ ಭೀಮ, ಇನ್ನು ಮನುಷ್ಯರನ್ನು ಮುಟ್ಟಬೇಡಿ ಎಂದು ಹೇಳುತ್ತಾನೆ, ಅವರು ಒಪ್ಪುತ್ತಾರೆ. ಅಂದಿನಿಂದ ಆ ಊರಿನವರು ಕಂಡ ರಾಕ್ಷಸರು ಸಾಧುಗಳಾಗಿದ್ದರು ಎನ್ನುತ್ತದೆ ಮಹಾಭಾರತ. ಭೀಮ ಹೆಣವನ್ನು ಊರ ಬಾಗಿಲಲ್ಲಿ ಹಾಕಿ ಯಾರಿಗೂ ಕಾಣದಂತೆ ಹೋಗುತ್ತಾನೆ. ಬೆಳಗ್ಗೆ ಇಡೀ ಊರು, ಹೆಂಗಸರು ಮಕ್ಕಳು ಮುದುಕರು ಎಲ್ಲ, ಬಕನನ್ನು ನೋಡಲು ಬರುತ್ತದೆ.

ಅದನ್ನು ಹೇಳಲು ಒಬ್ಬ ಬೇಕು. ಕಿರ್ಮೀರ ಇದ್ದಾನೆ. ಬಕನ ತಮ್ಮ, ಹಿಡಿಂಬನ ಗೆಳೆಯ. ವನಪರ್ವದಲ್ಲಿ ಕಾಮ್ಯಕವನದ ದಾರಿಗೆ ಅಡ್ಡ ನಿಂತು, ಬ್ರಾಹ್ಮಣ ವೇಷದಲ್ಲಿ ಬಂದು ನನ್ನ ಅಣ್ಣನನ್ನು ಕೊಂದವನು ಇವನೇ ಎಂದು ಭೀಮನ ಎದುರೇ ಹೇಳುತ್ತಾನೆ. ಅಣ್ಣ ಬದುಕಿದ್ದಾಗ ಅವನ ಹಾಡಿನ ಹುಚ್ಚು ಇವನಿಗೆ ಅರ್ಥವಾಗಿರಲಿಲ್ಲ ಎಂದು ಮೊದಲೇ ತೋರಿಸಿಡಿ. ಕೊನೆಯ ಅಧ್ಯಾಯವನ್ನು ಅವನಿಗೆ ಕೊಡಿ. ಅವನ ಮಾತು ಬಕನ ಮಾತಿನ ಹಾಗೆ ನಯವಾಗಿರಬಾರದು. ಒರಟಾಗಿ, ಚಿಕ್ಕದಾಗಿ, ಎರಡು ಮೂರು ಪುಟದಲ್ಲಿ ಮುಗಿಯಲಿ.